ಕೈ ಹಿಡಿತ 28 ಕೆ.ಜಿ.ಗಿಂತ ಕಡಿಮೆಯಿದ್ದರೆ ಹೃದಯಾಘಾತವೇ? ಯಂತ್ರ ತೋರಿಸುವ ಅಂಕಿಯ ಅರ್ಥ ತಿಳಿಯೋಣ

"ಹಿಡಿತದ ಯಂತ್ರ ಹಿಂಡಿ ನೋಡಿ, 28 ಕೆ.ಜಿ. ಬರದಿದ್ದರೆ ಹೃದಯಾಘಾತ ಹತ್ತಿರದಲ್ಲಿದೆ" ಎನ್ನುವ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಅಮ್ಮ ಹಿಂಡಿದಾಗ 19 ಬಂದರೆ ಮನೆಯವರೆಲ್ಲ ಗಾಬರಿಯಾಗುವುದು ಸಹಜ. ಗಾಬರಿ ಬೇಡ. ಆ 28 ಗಂಡಸರ ಅಂಕಿ, ಅದೂ ಹೃದಯದ ಪರೀಕ್ಷೆಯದ್ದಲ್ಲ.

ಮಳೆಗಾಲದಲ್ಲಿ ಬೇಲೂರು ತಾಲೂಕಿನ ಗೆಂಡೆಹಳ್ಳಿ ಕಡೆ ಕಾಫಿ ತೋಟದ ದಾರಿಯಲ್ಲಿ ಜೀಪು ಕೆಸರಲ್ಲಿ ಹೂತುಕೊಂಡಿದೆ ಎಂದುಕೊಳ್ಳಿ. ನಾಲ್ಕು ಜನ ತಳ್ಳಿದರೂ ಅದು ಜಗ್ಗುವುದಿಲ್ಲ. ಆದರೆ ತಳ್ಳಿದವರ ತೋಳು ನಡುಗುತ್ತದೆ, ಬೆವರು ಇಳಿಯುತ್ತದೆ. ಕೀಲು ಅಲುಗದೆಯೇ ಸ್ನಾಯು ಹೀಗೆ ಬಿಗಿದು ಬಲ ಹಾಕುವುದಕ್ಕೆ ಐಸೊಮೆಟ್ರಿಕ್ ಎನ್ನುತ್ತಾರೆ. ಡೈನಮೋಮೀಟರ್ ಅಳೆಯುವುದು ಆ ಬಲವನ್ನು.

ಇಲ್ಲಿನ 'ಕೆ.ಜಿ.' ತೂಕವಲ್ಲ, ಬಲ. 28 ಕೆ.ಜಿ. ಹಿಡಿತ ಎಂದರೆ ಸುಮಾರು 275 ನ್ಯೂಟನ್. 50 ಕೆ.ಜಿ. ಕಾಫಿ ಮೂಟೆಯನ್ನು ಬೆನ್ನಿಗೇರಿಸುವವರ ಹಿಡಿತವೂ 50 ಇರಬೇಕಿಲ್ಲ. ಮೂಟೆ ಹೊರುವುದು ಕಾಲು, ಸೊಂಟ, ಬೆನ್ನು. ಕೆಲವು ಯಂತ್ರಗಳು ಪೌಂಡ್‌ನಲ್ಲೂ ತೋರಿಸುತ್ತವೆ. 60 ಬಂತೆಂದು ಹಿಗ್ಗುವ ಮೊದಲು ನೋಡಿಕೊಳ್ಳಿ, ಅದು 27 ಕೆ.ಜಿ. ಅಷ್ಟೇ!

ಮಂಡಿಯ ಬಲ ಅಳೆಯುವಾಗ ಇನ್ನೊಂದು ಲೆಕ್ಕ ಸೇರುತ್ತದೆ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳುವುದು ಕಷ್ಟ, ತುದಿಯಲ್ಲಿ ಸುಲಭ, ಅಲ್ಲವೇ? ಹಾಗೆಯೇ ಯಂತ್ರವನ್ನು ಮಂಡಿಯಿಂದ 30 ಸೆಂ.ಮೀ. ಕೆಳಗೆ ಹಿಡಿದಾಗ 200 ನ್ಯೂಟನ್ ಬಂದರೆ, 20 ಸೆಂ.ಮೀ. ಕೆಳಗೆ ಹಿಡಿದಾಗ ಅದೇ ಕಾಲು 300 ತೋರಿಸುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಎರಡೂ 60 ನ್ಯೂಟನ್ ಮೀಟರ್. ಇದೇ ಟಾರ್ಕ್. ಯಂತ್ರ ಎಲ್ಲಿಟ್ಟರು ಎಂದು ಬರೆಯದ ವರದಿಯನ್ನು ಹಳೆಯ ವರದಿಯ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ಹಿಡಿತದಲ್ಲೂ ಅಷ್ಟೇ. ಸಾಮಾನ್ಯವಾಗಿ ಕೂತು, ಮೊಣಕೈ 90 ಡಿಗ್ರಿ ಮಡಚಿ, ನಡುವೆ ವಿರಾಮ ಕೊಟ್ಟು ಮೂರು ಸಲ ಹಿಂಡಿಸುತ್ತಾರೆ. ನಿಂತು ಹಿಂಡಿದರೆ, ಹಿಡಿಯ ಅಗಲ ಬದಲಾದರೆ, ಬೆರಳ ಗಂಟು ನೋಯುತ್ತಿದ್ದರೆ ಅಂಕಿಯೂ ಬದಲಾಗುತ್ತದೆ.

ಹಾಗಾದರೆ 28 ಎಲ್ಲಿಂದ ಬಂತು? ವಯಸ್ಸಾದವರಲ್ಲಿ ಸ್ನಾಯು ಸವೆತ ಗುರುತಿಸಲು ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಸೂಚಿಸಿದ ಗಡಿ ಅದು: ಗಂಡಸರಿಗೆ 28, ಹೆಂಗಸರಿಗೆ 18. ಕಡಿಮೆ ಬಂದರೆ ಮುಂದಿನ ತಪಾಸಣೆ ಮಾಡಿ ಎಂದು ಅರ್ಥ. ಅಮ್ಮನ 19 ಈ ಗಡಿಯ ಮೇಲೇ ಇದೆ.

ಸಂದೇಶದಲ್ಲಿ ಪೂರ್ತಿ ಸುಳ್ಳೇ ಇದೆ ಎಂದೂ ನಾವು ಹೇಳುವುದಿಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ 'ಪ್ಯೂರ್' ಅಧ್ಯಯನ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಹಿಡಿತ 5 ಕೆ.ಜಿ. ಕಡಿಮೆಯಾದಂತೆ ಸಾವಿನ ಸಾಧ್ಯತೆ 16% ಹೆಚ್ಚು ಕಂಡಿತ್ತು. ಇದು ನಂಟು, ಕಾರಣವಲ್ಲ. ಕಾಯಿಲೆ ಬಿದ್ದವರ ಹಿಡಿತವೂ ಸಡಿಲವಾಗುತ್ತದೆ ತಾನೇ?

ಬಿಪಿ ಇರುವವರು ಉಸಿರು ಬಿಗಿಹಿಡಿದು ಹಿಂಡಬೇಡಿ, ಆ ಕ್ಷಣ ರಕ್ತದೊತ್ತಡ ಏರುತ್ತದೆ. ಇನ್ನು ಒಂದು ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಯಂತ್ರ ಹುಡುಕುತ್ತಾ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ.