ಊರಿನ ಗೌಂಡಿ, ಊರಿನ ಮನೆ: ಸಣ್ಣ ಗುತ್ತೇದಾರರಿಗೆ ಬೆಂಬಲ ಏಕೆ, ಹೇಗೆ?

ಮನೆ ಎಂದೊಡನೆ ನಾವು ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಮಾತ್ರ ನೆನೆಯುತ್ತೇವೆ. ಒಂದು, ಮನೆ ಮಂಜೂರು ಮಾಡುವ ಸರ್ಕಾರ. ಇನ್ನೊಂದು, ಮನೆ ಪಡೆಯುವ ಫಲಾನುಭವಿ. ಇವರಿಬ್ಬರ ನಡುವೆ ನಿಂತು ಪಾಯ ತೆಗೆದು, ಗೋಡೆ ಎತ್ತಿ, ಸ್ಲ್ಯಾಬ್ ಹಾಕುವ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆ. ಅವನೇ ಊರಿನ ಗೌಂಡಿ, ಅಥವಾ ನಾಲ್ಕಾರು ಗೌಂಡಿಗಳನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ಸಣ್ಣ ಗುತ್ತೇದಾರ. ಇವನ ಕೈ ಕಟ್ಟಿದ್ದರೆ ಮಂಜೂರಾದ ಮನೆಯೂ ಲಿಂಟಲ್ ಮಟ್ಟದಲ್ಲೇ ನಿಲ್ಲುತ್ತದೆ. ಈ ಸಂಚಿಕೆಯ ಮಾತುಕತೆಗೆ ಪೂರಕವಾಗಿ, ಗುರುಮಠಕಲ್ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಸೀಮೆಯ ಪರಿಚಯ

ಗುರುಮಠಕಲ್ ತೆಲಂಗಾಣದ ಗಡಿಗೆ ಹತ್ತಿರದ ಪಟ್ಟಣ. ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ ಕೊನೆಯಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ರಚನೆಯಾದಾಗ ಅದರಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದವು. ಮುಂದೆ ಹೊಸ ತಾಲ್ಲೂಕುಗಳಾದಾಗ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕು ಕೇಂದ್ರಗಳಾದವು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ ಆ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಸೇರಿಸಿತ್ತು.

ಈ ಭಾಗದಲ್ಲಿ ಮನೆ ಕಟ್ಟುವ ವಿದ್ಯೆಗೆ ಕೊರತೆಯಿಲ್ಲ. ಕಲ್ಲಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ ಇಲ್ಲಿಯ ಹಳೆಯ ಪದ್ಧತಿ. ನೆರೆಯ ಕಲಬುರಗಿ ಜಿಲ್ಲೆಯ ಶಹಾಬಾದ್‌ನ ಫರಸಿ ಕಲ್ಲು ದೇಶದಲ್ಲೆಲ್ಲ ಹೆಸರಾಗಿದೆ. ಅದೇ ಸುಣ್ಣಕಲ್ಲಿನ ಪದರವನ್ನು ನಂಬಿ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಹೀಗೆ ಕಲ್ಲೂ ಸಿಮೆಂಟೂ ಕೈಗೆಟಕುವ ದೂರದಲ್ಲಿವೆ. ಆದರೆ ಕಟ್ಟುವ ಕೈಗಳು ಮಾತ್ರ ಬೇಸಿಗೆ ಬಂತೆಂದರೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ದಾರಿ ಹಿಡಿಯುತ್ತವೆ. ಮಹಾನಗರಗಳ ಬಹುಮಹಡಿ ಕಟ್ಟಡಗಳನ್ನು ಎತ್ತುವ ಗೌಂಡಿಗೆ ತನ್ನ ಊರಿನಲ್ಲಿ ವರ್ಷವಿಡೀ ಕೆಲಸ ಸಿಗುವುದಿಲ್ಲ, ಊರಿನ ಮನೆಗೆ ಬೇಕಾದಾಗ ಗೌಂಡಿ ಸಿಗುವುದಿಲ್ಲ. ಇದು ವಿಚಿತ್ರವಾದರೂ ಸತ್ಯ.

ದೊಡ್ಡವರು ಬಂದರೆ ಸಾಲದೇ?

ದೊಡ್ಡ ಕಂಪನಿಗಳೇ ಸಾವಿರಾರು ಮನೆಗಳನ್ನು ಕಟ್ಟಿಕೊಡಬಾರದೇಕೆ ಎಂದು ಕೆಲವರು ಕೇಳುತ್ತಾರೆ. ದೊಡ್ಡ ಬಡಾವಣೆಗೆ ಅದು ಸರಿ. ಆದರೆ ಹಳ್ಳಿಯ ಗಾವಠಾಣದಲ್ಲಿ, ಓಣಿಯ ಮೂಲೆಯಲ್ಲಿ, ಹಳೆಯ ಮನೆ ಬಿದ್ದ ಜಾಗದಲ್ಲಿ ಒಂದೊಂದಾಗಿ ಏಳಬೇಕಾದ ಮನೆಗಳಿಗೆ ದೊಡ್ಡ ಕಂಪನಿ ಬರುವುದಿಲ್ಲ. ಅಲ್ಲಿಗೆ ಸಣ್ಣವರೇ ಬೇಕು.

ಸಣ್ಣವರು ಕಣ್ಮರೆಯಾದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡ್ ಒಂದು ಪಾಠ. ಅಲ್ಲಿ 1988ರಲ್ಲಿ ಹೊಸ ಮನೆಗಳಲ್ಲಿ ಹತ್ತಕ್ಕೆ ನಾಲ್ಕನ್ನು ಸಣ್ಣ ನಿರ್ಮಾಣಗಾರರು ಕಟ್ಟುತ್ತಿದ್ದರು. 2020ರ ಹೊತ್ತಿಗೆ ಅದು ಹತ್ತಕ್ಕೆ ಒಂದರಷ್ಟಾಯಿತು. ನಿವೇಶನದ ಅನುಮತಿಗೆ ಹಿಡಿಯುವ ಕಾಲ, ಸಾಲದ ತೊಂದರೆ, ಸಣ್ಣ ನಿವೇಶನಗಳ ಅಭಾವ ಇವು ಮುಖ್ಯ ಕಾರಣಗಳೆಂದು ಅಲ್ಲಿ ಗುರುತಿಸಲಾಗಿದೆ. ದೇಶ ಬೇರೆಯಾದರೂ ಸಣ್ಣವನ ಕಷ್ಟ ಬಹುಮಟ್ಟಿಗೆ ಒಂದೇ.

ಹಣದ ಗಂಟು

ಎಲ್ಲಕ್ಕಿಂತ ಬಿಗಿಯಾದ ಗಂಟು ಹಣದ್ದು. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ 2016ರಲ್ಲಿ ಹಳೆಯ ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ ಬಂದಾಗ, ಬಯಲು ಸೀಮೆಯ ಮನೆಗೆ 1,20,000 ರೂ. ನೆರವು ನಿಗದಿಯಾಯಿತು. ಮನೆಯ ಕನಿಷ್ಠ ವಿಸ್ತೀರ್ಣ 20ರಿಂದ 25 ಚದರ ಮೀಟರಿಗೆ, ಅಂದರೆ ಸುಮಾರು 269 ಚದರ ಅಡಿಗೆ ಏರಿತು. ಚದರ ಅಡಿಗೆ ಸಾವಿರ ರೂಪಾಯಿ ಎಂದು ಬಹಳ ಕಡಿಮೆ ಹಿಡಿದರೂ ಖರ್ಚು 2,69,000 ರೂ. ಆಗುತ್ತದೆ. ಉಳಿದುದನ್ನು ಮನೆಯವರು ಹೊಂದಿಸಬೇಕು. ಅವರು ಹೊಂದಿಸುವವರೆಗೆ ಉದ್ರಿಯಲ್ಲಿ ಕೆಲಸ ನಡೆಸುವವನು ಗೌಂಡಿ.

ನೆರವಿನ ಹಣ ಒಮ್ಮೆಗೇ ಬರುವುದಿಲ್ಲ. ರಾಜ್ಯದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ ಕೆಲಸದ ಛಾಯಾಚಿತ್ರ ತೆಗೆದು, ಪರಿಶೀಲಿಸಿ, ಫಲಾನುಭವಿಯ ಖಾತೆಗೆ ಜಮಾ ಮಾಡುವ ಕ್ರಮವಿದೆ. ಹಣ ದುರುಪಯೋಗವಾಗದಂತೆ ಇದು ಒಳ್ಳೆಯ ಏರ್ಪಾಡೇ. ಆದರೆ ಪಾಯವಾದ ಮೇಲೆ ಹಣ ಎಂದರೆ, ಪಾಯ ತೆಗೆಯಲು ಬೇಕಾದ ಹಣ ಯಾರದು?

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಸಣ್ಣ ಗುತ್ತೇದಾರ ಹತ್ತು ಮನೆ ಒಪ್ಪಿಕೊಂಡನೆಂದು ಭಾವಿಸೋಣ. ಒಂದು ಪಾಯಕ್ಕೆ 30,000 ರೂ. ಹಿಡಿದರೂ ಅವನು ಮೊದಲೇ 3 ಲಕ್ಷ ರೂ. ಸುರಿಯಬೇಕು. ಅದನ್ನು ತಿಂಗಳಿಗೆ ನೂರಕ್ಕೆ ಮೂರರ ಕೈಗಡದಲ್ಲಿ ತಂದು, ಕಂತು ಬರುವುದು ಎರಡು ತಿಂಗಳು ತಡವಾದರೆ ಬಡ್ಡಿಯೇ 18,000 ರೂ. ಇದೇ ಹಣ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬ್ಯಾಂಕ್ ಸಾಲವಾಗಿದ್ದರೆ ಬಡ್ಡಿ 6,000 ರೂ. ನಡುವಿನ 12,000 ರೂಪಾಯಿಯನ್ನು ಅವನು ಎಲ್ಲಿಂದ ತರಬೇಕು? ಸಿಮೆಂಟ್ ಕಡಿಮೆ ಹಾಕುತ್ತಾನೆ, ಇಲ್ಲವೇ ಕೂಲಿ ಬಾಕಿ ಉಳಿಸುತ್ತಾನೆ, ಇಲ್ಲವೇ ಕೆಲಸ ಬಿಟ್ಟು ಹೋಗುತ್ತಾನೆ. ಮೂರರಲ್ಲಿ ಯಾವುದಾದರೂ ಪೆಟ್ಟು ಬೀಳುವುದು ಮನೆಯವರಿಗೆ.

ಈಗ ಕಂತು ಎರಡು ತಿಂಗಳ ಬದಲು ಹದಿನೈದು ದಿನಕ್ಕೆ ಬಂದಿತೆನ್ನಿ. ಅದೇ ಬಂಡವಾಳ ಅದೇ ಅವಧಿಯಲ್ಲಿ ನಾಲ್ಕು ಸುತ್ತು ತಿರುಗುತ್ತದೆ. ಅಂದರೆ ಹೊಸದಾಗಿ ಒಂದು ರೂಪಾಯಿ ಕೊಡದೆಯೂ ಸಣ್ಣವನ ಶಕ್ತಿಯನ್ನು ಹೆಚ್ಚಿಸಬಹುದು. ಛಾಯಾಚಿತ್ರ ತೆಗೆಯುವ ದಿನ, ಪರಿಶೀಲನೆಯ ದಿನ, ಹಣ ಜಮಾ ಆಗುವ ದಿನ ಇವು ಮೊದಲೇ ನಿಗದಿಯಾಗಿರುವುದು ದೊಡ್ಡ ಬೆಂಬಲ.

ಸಾಲ ಎಲ್ಲಿದೆ?

2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು ವರ್ಗದ ಸಾಲ 50,000 ರೂ. ವರೆಗೆ, ಕಿಶೋರ ವರ್ಗದ್ದು 5 ಲಕ್ಷ ರೂ. ವರೆಗೆ ದೊರೆಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ ಕೆಲಸವೂ ಒಂದು. ಅದರಲ್ಲಿ ತರಬೇತಿ, ಸಲಕರಣೆಗೆ 15,000 ರೂ., ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ರೂ. ಸಾಲದ ಅವಕಾಶವಿದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಇದು ದೊರೆಯುತ್ತದೆ.

ಹತ್ತು ಮನೆಯ ಪಾಯಕ್ಕೆ 1 ಲಕ್ಷ ಸಾಲದು, ನಿಜ. ಆದರೆ ಮೂರು ಮನೆಯ ಪಾಯಕ್ಕೆ 90,000 ರೂ. ಸಾಕು. ಆದ್ದರಿಂದ ಎಲ್ಲ ಮನೆಗಳ ಪಾಯವನ್ನೂ ಒಮ್ಮೆಗೇ ತೆಗೆದು ಕೂರುವ ಬದಲು, ಮೂರು ಮೂರರಂತೆ ಹಿಡಿದು ಛಾವಣಿ ಮಟ್ಟಕ್ಕೆ ಒಯ್ಯುವುದೇ ಜಾಣತನ.

ನಿವೇಶನ ಮತ್ತು ಟೆಂಡರು

ಬ್ಯಾಂಕ್ ಸಾಲಕ್ಕೂ ವಸತಿ ನೆರವಿಗೂ ಜಾಗದ ಕಾಗದ ಸರಿಯಿರಬೇಕು. ಅಜ್ಜನ ಹೆಸರಿನಲ್ಲಿರುವ ಖಾತೆ, ಪಾಲಾಗದ ಅಣ್ಣತಮ್ಮಂದಿರ ಜಾಗ ಇವೇ ಅರ್ಧ ಮನೆಗಳನ್ನು ನಿಲ್ಲಿಸುತ್ತವೆ. ಗ್ರಾಮ ಪಂಚಾಯತಿಯ ಇ-ಸ್ವತ್ತು ಖಾತೆಯನ್ನು ಕೆಲಸಕ್ಕೆ ಮೊದಲೇ ಸರಿಪಡಿಸಿಕೊಳ್ಳುವುದು ಮನೆಯವರ ಹೊಣೆ. ಗೌಂಡಿಯೂ ಕಾಗದ ನೋಡದೆ ಗುದ್ದಲಿ ಹಾಕಬಾರದು.

ಗ್ರಾಮೀಣ ಆವಾಸ್ ಯೋಜನೆಯ ಮನೆಗಳನ್ನು ಇಲಾಖೆಯು ಗುತ್ತೇದಾರರಿಗೆ ವಹಿಸುವಂತಿಲ್ಲ. ಮನೆಯವರೇ ಗೌಂಡಿಯನ್ನು ಗೊತ್ತುಮಾಡಿಕೊಳ್ಳಬೇಕು. ಆದರೆ ಇಲಾಖೆಗಳೇ ಟೆಂಡರ್ ಕರೆದು ಕಟ್ಟಿಸುವ ವಸತಿಗೃಹ, ಗುಂಪು ಮನೆಗಳ ಕಾಮಗಾರಿಯಲ್ಲಿ ಪ್ಯಾಕೇಜಿನ ಗಾತ್ರ ಮುಖ್ಯ. ಇನ್ನೂರು ಮನೆ ಒಂದೇ ಟೆಂಡರಾದರೆ ಠೇವಣಿ ಕಟ್ಟುವ ಶಕ್ತಿಯೇ ಸ್ಥಳೀಯರಿಗೆ ಇರುವುದಿಲ್ಲ. ಅದನ್ನೇ ಹತ್ತು ಭಾಗ ಮಾಡಿದರೆ ತಾಲ್ಲೂಕಿನವರೇ ಮುಂದೆ ಬರುತ್ತಾರೆ. ಮೇಲ್ವಿಚಾರಣೆಯ ಕೆಲಸ ಹೆಚ್ಚಾಗುವುದು ನಿಜ. ಆದರೆ ಹೊರಗಿನ ದೊಡ್ಡ ಗುತ್ತೇದಾರ ಅರ್ಧಕ್ಕೆ ಬಿಟ್ಟರೆ ಇನ್ನೂರೂ ಮನೆ ನಿಲ್ಲುತ್ತವೆ. ಸಣ್ಣವನೊಬ್ಬ ಬಿಟ್ಟರೆ ನಿಲ್ಲುವುದು ಇಪ್ಪತ್ತು.

ಕೌಶಲ ಮತ್ತು ಸಾಮಗ್ರಿ

ಗ್ರಾಮೀಣ ಆವಾಸ್ ಯೋಜನೆಯಲ್ಲಿ ಗೌಂಡಿಗಳಿಗೆ 45 ದಿನಗಳ ತರಬೇತಿಯನ್ನು ರೂಪಿಸಲಾಯಿತು. ಇದರ ವಿಶೇಷವೆಂದರೆ ಪಾಠ ನಡೆಯುವುದು ಕೋಣೆಯಲ್ಲಲ್ಲ. ಫಲಾನುಭವಿಯ ನಿಜವಾದ ಮನೆಯನ್ನು ಕಟ್ಟುತ್ತಲೇ ಕಲಿಯುವುದು. ವೃದ್ಧರು, ಅಂಗವಿಕಲರು ತಾವೇ ನಿಂತು ಕಟ್ಟಿಸಲಾಗದಿದ್ದಾಗ ಇಂಥ ತರಬೇತಿಯ ಮೂಲಕ ಅವರ ಮನೆ ಮುಗಿಸಬಹುದು. ಜಾರ್ಖಂಡ್ ರಾಜ್ಯದಲ್ಲಿ ಶೌಚಾಲಯ ನಿರ್ಮಾಣದ ಕಾಲಕ್ಕೆ ಹೆಂಗಸರು ಗೌಂಡಿ ಕೆಲಸ ಕಲಿತು 'ರಾಣಿ ಮಿಸ್ತ್ರಿ' ಎಂದು ಹೆಸರಾದರು. ನಮ್ಮಲ್ಲಿ ಬುಟ್ಟಿ ಹೊರುವುದಕ್ಕೇ ಸೀಮಿತವಾದ ಹೆಣ್ಣುಮಕ್ಕಳ ಕೈಗೂ ಕರಣಿ ಬರಬೇಕು.

ಖರ್ಚು ತಗ್ಗಿಸುವ ವಿಧಾನಗಳೂ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಇದಕ್ಕೆ ಸುಡುವ ಸೌದೆ ಬೇಡ. ಆದರೆ ಉಸುಕು ಮಿಶ್ರಿತ ಕೆಂಪು ಮಣ್ಣು ಬೇಕು, ಎರೆ ಮಣ್ಣು ನೇರವಾಗಿ ಆಗುವುದಿಲ್ಲ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಜನಪ್ರಿಯಗೊಳಿಸಿದ ಟೊಳ್ಳು ಕಟ್ಟಡದ ಗೋಡೆಯಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಒಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಇದು ದೊಡ್ಡ ಉಪಕಾರ. 1985ರಲ್ಲಿ ಕೊಲ್ಲಂನಲ್ಲಿ ಆರಂಭವಾಗಿ ಮುಂದೆ ಹುಡ್ಕೋ ನೆರವಿನಿಂದ ದೇಶಕ್ಕೆ ಹರಡಿದ ನಿರ್ಮಿತಿ ಕೇಂದ್ರಗಳ ಮೂಲ ಉದ್ದೇಶವೇ ಇಂಥ ವಿಧಾನಗಳನ್ನು ಗೌಂಡಿಗೆ ಕಲಿಸುವುದಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಆದರೂ ಚೀಲವೊಂದೊಂದಾಗಿ ಉದ್ರಿ ತರುವವನಿಗೆ ದರ ಹೆಚ್ಚೇ. ನಾಲ್ಕೈದು ಗೌಂಡಿಗಳು ಕೂಡಿ ಸಿಮೆಂಟು, ಸಳಿ ತರಿಸಿದರೆ, ಸೆಂಟ್ರಿಂಗ್ ಸಾಮಾನು ಹಂಚಿಕೊಂಡರೆ ಪ್ರತಿಯೊಬ್ಬರಿಗೂ ಉಳಿತಾಯವಿದೆ.

ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಗೌಂಡಿಯ ಜೊತೆ ಬರೆದ ಕರಾರು ಬೇಕೇ?
ಉತ್ತರ: ಬೇಕು. ಒಂದು ಹಾಳೆ ಸಾಕು. ಬರೀ ಕೂಲಿ ಗುತ್ತಿಗೆಯೋ, ಸಾಮಾನು ಸಹಿತವೋ. ಯಾವ ಹಂತಕ್ಕೆ ಎಷ್ಟು ಹಣ. ನೀರುಣಿಸುವ ಹೊಣೆ ಯಾರದು ಎಂಬುದು ಅದರಲ್ಲಿರಲಿ. ಇದು ಇಬ್ಬರಿಗೂ ರಕ್ಷಣೆ.

ಪ್ರಶ್ನೆ: ಎರೆ ಭೂಮಿಯಲ್ಲಿ ಗೋಡೆ ಸೀಳುವುದೇಕೆ?
ಉತ್ತರ: ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯ ಇಳಿಯಬೇಕು. ಅದು ಬಹಳ ಆಳದಲ್ಲಿದ್ದರೆ ಇಂಜಿನಿಯರರ ಸಲಹೆ ಪಡೆಯಿರಿ. ಪಾಯದಲ್ಲಿ ಉಳಿಸಿದ ಹಣ ಮುಂದೆ ಗೋಡೆಯ ದುರಸ್ತಿಗೇ ಹೋಗುತ್ತದೆ.

ಪ್ರಶ್ನೆ: ಕೆಲಸದಲ್ಲಿ ಬಿದ್ದು ಗಾಯವಾದರೆ ಗೌಂಡಿಗೆ ಆಸರೆ ಏನು?
ಉತ್ತರ: 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಗಾಯವಾದ ಮೇಲೆ ಓಡಾಡುವುದಕ್ಕಿಂತ ಇಂದೇ ನೋಂದಣಿ ಮಾಡಿಸುವುದು ಒಳ್ಳೆಯದು. ಗುಳೆ ಹೋಗುವವರು ಈ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು.

ಕೊನೆಯದಾಗಿ

ಮನೆಗಳ ಗುರಿಯನ್ನು ಸಂಖ್ಯೆಯಲ್ಲಿ ಹೇಳುವುದು ಸುಲಭ. 2024ರಲ್ಲಿ ಕೇಂದ್ರ ಸರ್ಕಾರವು ಮುಂದಿನ ಐದು ವರ್ಷಗಳಿಗೆ ಇನ್ನೂ 2 ಕೋಟಿ ಗ್ರಾಮೀಣ ಮನೆಗಳಿಗೆ ಒಪ್ಪಿಗೆ ನೀಡಿದೆ. ಅವುಗಳಲ್ಲಿ ನಮ್ಮ ಸೀಮೆಯ ಪಾಲಿನ ಮನೆಗಳನ್ನು ಕಟ್ಟುವವರು ಗುರುಮಠಕಲ್ಲಿನ, ಸುತ್ತಲ ಹಳ್ಳಿಗಳ ಗೌಂಡಿಗಳೇ. ಕಂತು ಹೊತ್ತಿಗೆ ಬರಲಿ, ಸಾಲ ನ್ಯಾಯವಾದ ಬಡ್ಡಿಗೆ ಸಿಗಲಿ, ಟೆಂಡರು ಅವರ ಅಳತೆಗಿರಲಿ, ಕಲಿಯಲು ಅವಕಾಶವಿರಲಿ. ಆಗ ಬೇಸಿಗೆಯಲ್ಲಿ ರೈಲು ಹತ್ತುವವರಲ್ಲಿ ಒಂದಿಷ್ಟು ಮಂದಿಯಾದರೂ ಊರಿನಲ್ಲೇ ಉಳಿದಾರು. ನಿಮ್ಮ ಗ್ರಾಮಸಭೆಯಲ್ಲಿ ಮನೆಗಳ ಪಟ್ಟಿ ಓದುವಾಗ, ಅರ್ಧಕ್ಕೆ ನಿಂತ ಮನೆಗಳು ಎಷ್ಟು, ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ.