ಪಿಕಪ್ ವಾಹನದ ಸದ್ದು ಮತ್ತು ಚಾಲಕನ ಕಿವಿ

ಕೋಲಾರ ಸೀಮೆಯ ರೈತಾಪಿ ಮನೆಗಳ ಅಂಗಳದಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಪಿಕಪ್ ವಾಹನ ನಿಂತಿದೆ. ಶ್ರೀನಿವಾಸಪುರದ ಮಾವು, ಮುಳಬಾಗಿಲಿನ ಟೊಮೆಟೊ, ಮಾಲೂರಿನ ತರಕಾರಿ ಹಾಗೂ ಹೂವು ಮಾರುಕಟ್ಟೆಯನ್ನು ಸೇರುವುದು ಬಹುಮಟ್ಟಿಗೆ ಈ ವಾಹನಗಳ ಮೂಲಕವೇ. 15 ಕಿಲೋ ತೂಗುವ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬರುವ, ಅಲ್ಲಿಂದ ಬೆಂಗಳೂರಿಗೋ ಚೆನ್ನೈಗೋ ರಾತ್ರಿಯೆಲ್ಲ ಓಡುವ ಚಾಲಕರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಡೀಸೆಲ್ಲಿಗೆ ಎಷ್ಟಾಯಿತು, ಮಂಡಿಯಲ್ಲಿ ಎಷ್ಟು ಬಂದಿತು ಎಂಬ ಲೆಕ್ಕವನ್ನು ಮನೆಯವರು ತಪ್ಪದೆ ಕೇಳುತ್ತಾರೆ. ಆದರೆ ಈ ಓಡಾಟಕ್ಕೆ ಚಾಲಕನ ಕಿವಿಗಳು ತೆರುತ್ತಿರುವ ಬೆಲೆಯನ್ನು ಕೇಳುವವರು ವಿರಳ. ಆ ಬೆಲೆಯೇನು, ಅದನ್ನು ತಗ್ಗಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸದ್ದಿನ ಸ್ವರೂಪ

'ಸದ್ದು' ಎಂಬುದು ಸಂಸ್ಕೃತದ 'ಶಬ್ದ'ದಿಂದ ಬಂದ ತದ್ಭವ. ಆದರೂ ಬಳಕೆಯಲ್ಲಿ ಎರಡಕ್ಕೂ ಅಂತರವುಂಟು. ಅರ್ಥವನ್ನು ಹೊತ್ತು ಬರುವ ಮಾತನ್ನು ಶಬ್ದವೆನ್ನುತ್ತೇವೆ. ಬರಿಯ ಗದ್ದಲವನ್ನು ಸದ್ದೆನ್ನುತ್ತೇವೆ. ಸದ್ದು ಹೆಚ್ಚಾದಲ್ಲಿ ಶಬ್ದವು ಕೇಳದೆ ಹೋಗುತ್ತದೆ. ಕೊಳದಲ್ಲಿ ಒಂದು ಅಲೆ ಇನ್ನೊಂದನ್ನು ಎಬ್ಬಿಸುವಂತೆ ಶಬ್ದವು ಹರಡಿ ಕಿವಿಯನ್ನು ಮುಟ್ಟುತ್ತದೆಂದು ನಮ್ಮ ಪ್ರಾಚೀನ ತಾರ್ಕಿಕರು ವೀಚೀತರಂಗನ್ಯಾಯದಿಂದ ವಿವರಿಸಿದರು. ಆಧುನಿಕ ವಿಜ್ಞಾನವೂ ಅದನ್ನು ಅಲೆಯೆಂದೇ ಹೇಳುತ್ತದೆ ಮತ್ತು ಅದರ ಪ್ರಮಾಣವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತದೆ.

ಈ ಮಾನದ ಲೆಕ್ಕ ಸೇರು ಬಳ್ಳಗಳ ಲೆಕ್ಕದಂತಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 10 ಏರಿದರೆ ಹತ್ತು ಮಡಿಯಾಗುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದೆಂಬುದು ಶ್ರವಣ ತಜ್ಞರಲ್ಲಿ ಬಹುವಾಗಿ ಅಂಗೀಕೃತವಾದ ಮಿತಿ. 88 ಡೆಸಿಬೆಲ್ ಆದರೆ 4 ಗಂಟೆ, 91 ಆದರೆ 2 ಗಂಟೆ ಮಾತ್ರ. ಆದುದರಿಂದ ಕ್ಯಾಬಿನ್ನಿನೊಳಗೆ ಮೂರೇ ಡೆಸಿಬೆಲ್ ಇಳಿಸಿದರೂ ಅದು ಅಲ್ಪ ಸಾಧನೆಯಲ್ಲ.

ಕಿವಿಗೆ ಆಗುವ ಹಾನಿ

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಅಲೆಗಳನ್ನು ಗ್ರಹಿಸಿ ನರಕ್ಕೆ ಒಪ್ಪಿಸುತ್ತವೆ. ಬಹುಕಾಲ ಬಿರುಸಾದ ಸದ್ದಿಗೆ ಈಡಾದ ರೋಮಕೋಶಗಳು ಬಾಗಿ ಸಾಯುತ್ತವೆ. ಚರ್ಮದ ಗಾಯ ಮಾಯುವಂತೆ ಅವು ಮರಳಿ ಹುಟ್ಟುವುದಿಲ್ಲ. ನೋವಿಲ್ಲದ, ರಕ್ತವಿಲ್ಲದ ಈ ನಷ್ಟ ವರ್ಷಗಟ್ಟಲೆ ಗೋಚರಕ್ಕೆ ಬರುವುದೂ ಇಲ್ಲ.

ಮೊದಲು ಕುಂದುವುದು ತಾರಧ್ವನಿಗಳ ಗ್ರಹಣ. ಮಾತಿನಲ್ಲಿ ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಈ ತಾರಧ್ವನಿಗಳನ್ನೇ ಅವಲಂಬಿಸಿದೆ. ಆದುದರಿಂದ ಇಂಥವನಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಹೆಂಡತಿ ಒಂದು ಹೇಳಿದರೆ ಆತ ಇನ್ನೊಂದನ್ನು ಗ್ರಹಿಸುತ್ತಾನೆ, ಟಿ.ವಿ.ಯ ಧ್ವನಿಯನ್ನು ಏರಿಸುತ್ತಾನೆ. 'ಇವರಿಗೆ ನಮ್ಮ ಮಾತಿನ ಕಡೆ ಗಮನವೇ ಇಲ್ಲ' ಎಂದು ಮನೆಯಲ್ಲಿ ಮನಸ್ತಾಪ ಹುಟ್ಟುತ್ತದೆ. ಗಮನದ ಕೊರತೆಯೆಂದು ತಿಳಿದದ್ದು ಎಷ್ಟೋ ಸಲ ಕಿವಿಯ ಕೊರತೆಯಾಗಿರುತ್ತದೆ. ಇದಲ್ಲದೆ ಎಡೆಬಿಡದ ಮೊರೆತ ಮನಸ್ಸನ್ನು ದಣಿಸುತ್ತದೆ. ಬೆಳಗಿನ ಜಾವ ನಂಗಲಿಯ ಕಡೆಯಿಂದಲೋ ಹೊಸಕೋಟೆಯ ಕಡೆಯಿಂದಲೋ ಮರಳುವ ಚಾಲಕನಿಗೆ ಆ ದಣಿವು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ.

ಸದ್ದಿನ ಮೂಲವನ್ನು ಗುರುತಿಸುವುದು

ರೋಗವನ್ನರಿಯದೆ ಔಷಧ ಕೊಡುವ ವೈದ್ಯನಿಲ್ಲ. ಆದರೆ ಅನೇಕರು ಮೂಲವನ್ನು ನೋಡದೆ ಅಂಗಡಿಗೆ ಹೋಗಿ ದುಬಾರಿ ಹಾಸುಗಳನ್ನು ತಂದು ಅಂಟಿಸಿ, ಸದ್ದು ತಗ್ಗಲಿಲ್ಲವೆಂದು ನಿರಾಶರಾಗುತ್ತಾರೆ. ಕ್ಯಾಬಿನ್ನಿನ ಸದ್ದಿಗೆ ಮುಖ್ಯವಾಗಿ ಮೂರು ಮೂಲಗಳು: ಎಂಜಿನ್, ರಸ್ತೆ ಮತ್ತು ಗಾಳಿ. ಇವುಗಳನ್ನು ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ವಾಹನ ನಿಂತಿರುವಾಗ ಆಕ್ಸಿಲರೇಟರ್ ಒತ್ತಿದರೂ ಅದೇ ಸದ್ದು ಬಂದರೆ ಅದು ಎಂಜಿನ್ನಿನದು. ನುಣುಪಾದ ಡಾಂಬರಿನಿಂದ ಒರಟು ಜಲ್ಲಿಯ ಅಥವಾ ಗೀರು ಹಾಕಿದ ಕಾಂಕ್ರೀಟಿನ ರಸ್ತೆಗೆ ಬಂದೊಡನೆ ಬದಲಾಗುವ ಮೊರೆತ ಟೈರಿನದು. ವೇಗ ಹೆಚ್ಚಿದಾಗ ಮಾತ್ರ ಏಳುವ, ಎದುರು ಗಾಳಿ ಬೀಸಿದಾಗ ಬಲಿಯುವ ಸಿಳ್ಳು ಅಥವಾ ಭೋರ್ಗರೆತ ಗಾಳಿಯದು. ಕೊನೆಯದಾಗಿ, ರಸ್ತೆ ಯಾವುದಾದರೂ ಒಂದೇ ತೆರನಾಗಿ ಗುಂಯ್‌ಗುಡುತ್ತ ತಿರುವಿನಲ್ಲಿ ಏರಿಳಿಯುವ ಸದ್ದು ಕೇಳಿಬಂದರೆ ಚಕ್ರದ ಬೇರಿಂಗನ್ನು ತಡಮಾಡದೆ ತೋರಿಸಬೇಕು. ಅದು ಬರಿಯ ಸದ್ದಲ್ಲ, ಕೇಡಿನ ಮುನ್ಸೂಚನೆ.

ಗಾಳಿಯ ಸದ್ದು

ಗಾಳಿಯ ಸದ್ದು ವೇಗದೊಡನೆ ಬೆಳೆಯುವ ಬಗೆ ಆಶ್ಚರ್ಯಕರವಾದುದು. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. 1955ರಲ್ಲಿ ಕರ್ಲ್ ಎಂಬ ವಿಜ್ಞಾನಿ ಅದನ್ನು ಮುಂದುವರಿಸಿ, ಗಟ್ಟಿ ವಸ್ತುಗಳಿಗೆ ತಾಗಿ ಹರಿಯುವ ಗಾಳಿಯ ಸದ್ದಿನ ಶಕ್ತಿ ಸುಮಾರಾಗಿ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂದು ತೋರಿಸಿದರು. ಈ ಲೆಕ್ಕದಂತೆ ಗಂಟೆಗೆ 60 ಕಿ.ಮೀ. ವೇಗವನ್ನು 80ಕ್ಕೆ ಏರಿಸಿದರೆ ಗಾಳಿಯ ಸದ್ದಿನ ಶಕ್ತಿ ಐದು ಮಡಿಗೂ ಮಿಗಿಲಾಗುತ್ತದೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಈ ದೂರವನ್ನು 80ರ ವೇಗದಲ್ಲಿ ಸಾಗುವುದಕ್ಕೂ 60ರ ವೇಗದಲ್ಲಿ ಸಾಗುವುದಕ್ಕೂ ಇರುವ ಅಂತರ ಹದಿನೆಂಟು ನಿಮಿಷಗಳನ್ನು ಮೀರದು. ಖರ್ಚಿಲ್ಲದ ಮೊದಲ ಪರಿಹಾರ ಇದೇ.

ಎರಡನೆಯದು ಸಂದುಗಳನ್ನು ಮುಚ್ಚುವುದು. ನೀರು ಸೋರುವಲ್ಲಿ ಸದ್ದೂ ಸೋರುತ್ತದೆ. ಗೋಡೆಯಂಥ ತಡೆಯಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಉಳಿದ ಭಾಗ ಎಷ್ಟೇ ದಪ್ಪವಾಗಿದ್ದರೂ, ಆ ತಡೆಯಿಂದ 20 ಡೆಸಿಬೆಲ್‌ಗಿಂತ ಹೆಚ್ಚಿನ ಪ್ರಯೋಜನ ದೊರೆಯದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದದ ಚೂರಿಟ್ಟು ಬಾಗಿಲು ಹಾಕಿ ಎಳೆಯಿರಿ. ಹಿಡಿತವಿಲ್ಲದೆ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಬೀಡಿಂಗ್ ಸವೆದಿದೆ ಅಥವಾ ಬಾಗಿಲು ಇಳಿದಿದೆ ಎಂದರ್ಥ. ರಾತ್ರಿ ಒಳಗಿನಿಂದ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿದರೂ ಸಂದುಗಳು ಕಾಣುತ್ತವೆ. ಬಾಗಿಲಿನ ಬೀಡಿಂಗ್, ಗಾಜು ಜಾರುವ ಕಾಲುವೆಯ ರಬ್ಬರ್, ಗೇರ್ ಲಿವರಿನ ಬುಡದ ರಬ್ಬರ್, ತಂತಿಗಳು ಎಂಜಿನ್ ಕಡೆಯಿಂದ ಒಳಬರುವ ರಂಧ್ರಗಳ ಬಿರಡೆ ಇವುಗಳನ್ನು ಕ್ರಮವಾಗಿ ಪರೀಕ್ಷಿಸಿ ಬದಲಿಸಬೇಕು. ಕ್ಯಾಬಿನ್ ಮೇಲಿನ ಖಾಲಿ ಕ್ಯಾರಿಯರ್, ಸಡಿಲವಾದ ಕನ್ನಡಿ, ಪಟಪಟನೆ ಬಡಿಯುವ ಟಾರ್ಪಾಲು ಇವೂ ಗಾಳಿಯ ಸದ್ದಿಗೆ ಕಾರಣ. ಬೇಡದ್ದನ್ನು ಕಳಚಬೇಕು, ಬೇಕಾದುದನ್ನು ಬಿಗಿಯಬೇಕು.

ನಮ್ಮ ಸೀಮೆಯ ಬಹುಪಾಲು ಪಿಕಪ್‌ಗಳಲ್ಲಿ ಏ.ಸಿ. ಇಲ್ಲ. ಬೇಸಗೆಯಲ್ಲಿ ಗಾಜು ಮುಚ್ಚಿ ಓಡಿಸಿರೆಂದರೆ ಅದು ಉಪದೇಶವಾದೀತೇ ಹೊರತು ಉಪಾಯವಾಗದು. ಗಾಜು ತೆರೆದಾಗ ಚಾಲಕನ ಬಲಗಿವಿಯೇ ಗಾಳಿಯ ಪೆಟ್ಟಿಗೆ ಮೊದಲು ಸಿಕ್ಕುತ್ತದೆ. ಒಂದೇ ಗಾಜನ್ನು ಪೂರ್ತಿ ಇಳಿಸುವುದರ ಬದಲು ಎರಡೂ ಕಡೆಯ ಗಾಜುಗಳನ್ನು ಸ್ವಲ್ಪ ಸ್ವಲ್ಪ ಇಳಿಸಿದರೆ ಗಾಳಿಯೂ ಆಡುತ್ತದೆ, ಕಿವಿಯನ್ನು ಅದುಮುವ ಬಡಿತವೂ ತಗ್ಗುತ್ತದೆ. ಊರೊಳಗೆ ನಿಧಾನವಾಗಿ ಸಾಗುವಾಗ ತೆರೆದು, ಹೆದ್ದಾರಿ ಸೇರಿದ ಮೇಲೆ ಏರಿಸುವ ರೂಢಿ ಒಳ್ಳೆಯದು.

ರಸ್ತೆಯ ಸದ್ದು

ರಸ್ತೆಯ ಸದ್ದಿಗೆ ಟೈರೇ ಬಾಯಿ. ದೊಡ್ಡ ದೊಡ್ಡ ಗಟ್ಟಿಗಳ ಮೈಯುಳ್ಳ ಟೈರು ಕೆಸರಿನಲ್ಲಿ ಹಿಡಿತ ಕೊಡುತ್ತದೆ, ಆದರೆ ಹೆದ್ದಾರಿಯಲ್ಲಿ ಮೊರೆಯುತ್ತದೆ. ತೋಟಕ್ಕಿಂತ ಹೆದ್ದಾರಿಯಲ್ಲೇ ಹೆಚ್ಚು ಓಡುವ ವಾಹನಕ್ಕೆ ಉದ್ದಗೆರೆಯ ಟೈರು ಲೇಸು. ಅಲೈನ್‌ಮೆಂಟ್ ತಪ್ಪಿ ಗರಗಸದಂತೆ ಸವೆದ ಟೈರು ಹೊಸತಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಸದ್ದು ಮಾಡುತ್ತದೆ. ಗಾಳಿಯನ್ನು ತಯಾರಕರು ಸೂಚಿಸಿದಷ್ಟೇ ತುಂಬಿಸಬೇಕು. ಮಿತಿಮೀರಿದ ಹೊರೆಗೆಂದು ಅತಿಯಾಗಿ ಗಾಳಿ ತುಂಬಿಸಿ, ಖಾಲಿ ಮರಳುವಾಗಲೂ ಹಾಗೆಯೇ ಓಡಿಸಿದರೆ ವಾಹನ ಕುಪ್ಪಳಿಸುತ್ತದೆ, ತಗಡೆಲ್ಲ ಅದುರುತ್ತದೆ. ಮರಳುವಾಗ ಖಾಲಿ ಕ್ರೇಟುಗಳನ್ನು ಒಂದರೊಳಗೊಂದು ಜೋಡಿಸಿ ಹಗ್ಗದಿಂದ ಬಿಗಿಯುವುದು, ಹಿಂದಿನ ಡೋರಿನ ಕೊಂಡಿ ಸರಪಳಿಗಳಿಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತುವುದು ಹತ್ತು ನಿಮಿಷದ ಕೆಲಸ. ಅದರ ಫಲ ಮೊದಲ ಹಳ್ಳದಲ್ಲಿಯೇ ತಿಳಿಯುತ್ತದೆ.

ಇಷ್ಟಾದ ಮೇಲೆ ಹಾಸಿನ ಮಾತು. ತಗಡಿನ ಅದುರನ್ನು ತಡೆಯಲು ಬ್ಯುಟೈಲ್ ರಬ್ಬರಿನ ಅಂಟುಹಾಳೆ ದೊರೆಯುತ್ತದೆ. ಇದನ್ನು ತಗಡಿನ ಮೈತುಂಬ ಅಂಟಿಸಬೇಕಾಗಿಲ್ಲ. ಮದ್ದಲೆಯ ಚರ್ಮದ ನಡುವೆ ಅಂಗೈಯಿಟ್ಟರೆ ನಾದ ನಿಲ್ಲುವಂತೆ, ಅಗಲವಾದ ತಗಡಿನ ನಡುಭಾಗಕ್ಕೆ, ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಂಟಿಸಿದರೂ ಬಹುಪಾಲು ಪ್ರಯೋಜನ ಸಿಕ್ಕುತ್ತದೆ. ಬಾಗಿಲಿನ ಒಳತಗಡು, ಕಾಲಿಡುವ ನೆಲ, ಬೆನ್ನ ಹಿಂದಿನ ಗೋಡೆ ಈ ಮೂರೂ ಮುಖ್ಯ. ನೆಲದ ಮೇಲೆ ಇದಾದ ಬಳಿಕ ನೀರು ಹೀರದ ಫೋಮ್, ಅದರ ಮೇಲೆ ಭಾರವಾದ ರಬ್ಬರ್ ಮ್ಯಾಟ್ ಹಾಕಬೇಕು. ಫೋಮ್ ಕೆಳಗೆ, ಭಾರ ಮೇಲೆ ಎಂಬ ಕ್ರಮ ತಪ್ಪಬಾರದು. ಟಾಟಾ ಏಸ್‌ನಂತೆ ಆಸನದ ಕೆಳಗೆ ಎಂಜಿನ್ ಇರುವ ವಾಹನಗಳಲ್ಲಿ ಆಸನದಡಿಯ ಮುಚ್ಚಳ ಬಿಗಿಯಾಗಿ ಕೂರುವುದೇ ಹಾಸಿಗಿಂತ ಮುಖ್ಯ.

ಪಾಲಿಸಬೇಕಾದ ಎಚ್ಚರಗಳು

ಬಾಗಿಲಿನ ತಳದಲ್ಲಿರುವ ನೀರು ಹರಿಯುವ ತೂತುಗಳನ್ನು ಮುಚ್ಚಬಾರದು. ಮುಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ. ಎಂಜಿನ್ ಮತ್ತು ಸೈಲೆನ್ಸರ್ ಬಳಿ ಗೋಣಿತಾಟು, ಹತ್ತಿ, ಸಾಮಾನ್ಯ ಸ್ಪಂಜುಗಳನ್ನು ತುರುಕಬಾರದು, ಬೆಂಕಿಯ ಭಯವುಂಟು. ಪೆಡಲುಗಳ ಕೆಳಗೆ ಮ್ಯಾಟ್ ಸರಿದಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸದ್ದನ್ನು ಅಡಗಿಸಲು ಹಾಡನ್ನು ಜೋರಾಗಿ ಹಾಕುವ ಅಥವಾ ಇಯರ್‌ಫೋನ್ ಧರಿಸುವ ಅಭ್ಯಾಸವನ್ನು ಬಿಡಬೇಕು. ಗದ್ದಲವನ್ನು ಮೀರಿ ಕೇಳಬೇಕಾದರೆ ಹಾಡು ಗದ್ದಲಕ್ಕಿಂತ ಜೋರಾಗಿರಬೇಕಷ್ಟೆ. ಹಾಗೆ ಒಂದು ಪೆಟ್ಟಿಗೆ ಬದಲಾಗಿ ಎರಡು ಪೆಟ್ಟನ್ನು ಕಿವಿ ತಿನ್ನುತ್ತದೆ. ಆಂಬುಲೆನ್ಸಿನ ಕೂಗು, ಹಿಂದಿನ ವಾಹನದ ಹಾರನ್, ತನ್ನದೇ ಚಕ್ರದ ಅಪಸ್ವರ ಇವು ಚಾಲಕನಿಗೆ ಕೇಳಲೇಬೇಕು. ನಮ್ಮ ಗುರಿ ಕಿವುಡಾಗುವುದಲ್ಲ, ಕೇಳಬೇಕಾದುದನ್ನು ಚೆನ್ನಾಗಿ ಕೇಳುವುದು.

ಪ್ರಯಾಣ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ನಾದ ಉಳಿಯುತ್ತಿದ್ದರೆ, ಗುಂಪಿನಲ್ಲಿ ಮಾತು ತಿಳಿಯದಿದ್ದರೆ ಮುಂದೂಡದೆ ಕಿವಿ, ಮೂಗು, ಗಂಟಲು ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದ ಕೇಂದ್ರ. ಕಳೆದುಹೋದದ್ದು ಮರಳದಿದ್ದರೂ ಉಳಿದುದನ್ನು ಕಾಪಾಡಿಕೊಳ್ಳಬಹುದು.

ಸಮಾಜಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಹಬ್ಬದ ದಿನ ವಾಹನಕ್ಕೆ ಹೂವಿನ ಹಾರ ಹಾಕಿ ಪೂಜಿಸುವ ನಾವು, ಅದೇ ದಿನ ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಗಿಟ್ಟು ಎಳೆದು ನೋಡೋಣ. ಸವೆದ ಬೀಡಿಂಗ್ ಬದಲಿಸಲು ತಗಲುವ ವೆಚ್ಚ ಅಲ್ಪ. ಅದರಿಂದ ಉಳಿಯುವುದು ದುಡಿದು ಮನೆಗೆ ಬಂದ ಮಗನು ತಾಯಿಯ ಮೆಲುಮಾತನ್ನು ಕೇಳಬಲ್ಲ ಶಕ್ತಿ. ಕಾಯಕ ಮಾಡುವ ದೇಹವನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಂದು ಭಾಗವೇ ಆಗಿದೆ.