ತುಕ್ಕು ಹಿಡಿದ ಕಾರಿಗೆ ಯಾವ ಬೆಸುಗೆ?

ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿಯ ಟಿಂಕರಿಂಗ್ ಶೆಡ್ಡುಗಳಿಗೆ ಹಳೆಯ ಕಾರುಗಳು ಬರತೊಡಗುತ್ತವೆ. ಟಿಂಕರ್ ಮೊದಲು ಕಾಲಡಿಯ ಮ್ಯಾಟ್ ಎತ್ತಿ, ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟುತ್ತಾರೆ. ಗಟ್ಟಿ ತಗಡಾದರೆ ಠಣ್ ಎನ್ನುತ್ತದೆ. ತುಕ್ಕು ತಿಂದಿದ್ದರೆ ಹಪ್ಪಳದ ಹಾಗೆ ಪುಡಿಯಾಗಿ, ತೂತಿನಲ್ಲಿ ನೆಲ ಕಾಣುತ್ತದೆ.

ಈ ತೂತು ಮುಚ್ಚುವುದನ್ನು ಅಂದಚಂದದ ಕೆಲಸ ಎಂದುಕೊಂಡವರೇ ಹೆಚ್ಚು. ಆದರೆ 1983ರಲ್ಲಿ ರಸ್ತೆಗಿಳಿದ ಮಾರುತಿ 800 ಇರಲಿ, ಇಂದಿನ ಸಣ್ಣ ಕಾರುಗಳಿರಲಿ, ಲಾರಿಯಂತೆ ಅವಕ್ಕೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಸೀಟು, ಸೀಟ್ ಬೆಲ್ಟು, ಚಕ್ರದ ಜೋಡಣೆ ಎಲ್ಲವೂ ಆ ತಗಡಿಗೇ ಅಂಟಿಕೊಂಡಿವೆ. ಅದರ ದಪ್ಪವೋ, ಬಹುಪಾಲು ಕಡೆ ಒಂದು ಮಿಲಿಮೀಟರಿಗಿಂತ ಕಡಿಮೆ.

ಕಷ್ಟ ಇರುವುದು ಇಲ್ಲೇ. ಗೇಟು, ಗ್ರಿಲ್ಲು ಮಾಡುವ ಕಡ್ಡಿ ವೆಲ್ಡಿಂಗನ್ನು ಇಷ್ಟು ತೆಳು ತಗಡಿಗೆ ಹಚ್ಚಿದರೆ ಸಣ್ಣ ತೂತು ದೊಡ್ಡದಾಗುತ್ತದೆ. ಹಳೆಯ ಟಿಂಕರ್‌ಗಳ ನೆಚ್ಚಿನದು ಗ್ಯಾಸ್. ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿದ ಆ ಜ್ವಾಲೆಯ ಶಾಖ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರಲ್ಲಿ ತಗಡು ಕೂಡಿಸಿ, ಬಿಸಿಯಿರುವಾಗಲೇ ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಆನಿಸಿ ಹಿಡಿಯುವ ಗಟ್ಟಿ) ತಟ್ಟಿ ಸಮ ಮಾಡುವವರ ಕೈಚಳಕ ಅಪರೂಪದ್ದು, ಗೌರವಿಸಬೇಕಾದದ್ದು. ಆದರೂ ಗ್ಯಾಸಿನ ಬಿಸಿ ಅಗಲಕ್ಕೆ ಹರಡುತ್ತದೆ. ಬಾನೆಟ್ಟಿನಂಥ ಚಪ್ಪಟೆ ಭಾಗ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಹೊಸ ಕಾರುಗಳ ಛಾವಣಿ ಹೊರುವ ಕಂಬಗಳಲ್ಲಿ ಹೆಚ್ಚು ಬಲದ ಉಕ್ಕು ಇರುವುದರಿಂದ, ಹೀಗೆ ಕಾಯಿಸಿದರೆ ಅದರ ಬಲವೇ ಕುಂದುತ್ತದೆ. ಅಲ್ಲಿಗೆ ಗ್ಯಾಸ್ ಬೇಡವೇ ಬೇಡ.

ಹಾಗಾಗಿ ಈ ಕೆಲಸಕ್ಕೆ ಹೊಂದುವುದು ಗ್ಯಾರೇಜಿನವರು ಸಿಓಟು ಎಂದೇ ಕರೆಯುವ ಮಿಗ್ ವೆಲ್ಡಿಂಗ್. ಗನ್ನಿನಿಂದ ಸಣ್ಣ ತಂತಿ ಹೊರಬರುತ್ತ ಕರಗುತ್ತದೆ. ಸುತ್ತ ಹಾಯುವ ಅನಿಲ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಯಂತ್ರ ಕೊಳ್ಳುವವರು 200 ಆಂಪ್, 250 ಆಂಪ್ ಎಂಬ ದೊಡ್ಡ ಅಂಕಿಗೆ ಮರುಳಾಗುತ್ತಾರೆ. ಕೇಳಬೇಕಾದದ್ದು ಅದಲ್ಲ: ಎಷ್ಟು ಕೆಳಕ್ಕೆ ಇಳಿಯುತ್ತದೆ? 30 ಆಂಪ್ ಆಸುಪಾಸಿನಲ್ಲೂ ಸ್ಥಿರವಾಗಿ ಉರಿಯುವ, 0.6 ಮಿಲಿಮೀಟರ್ ತಂತಿ ಹಿಡಿಯುವ ಯಂತ್ರವೇ ತಗಡಿಗೆ ಸರಿ. ಬರೀ ಕಾರ್ಬನ್ ಡೈಆಕ್ಸೈಡಿನ ಬದಲು ಆರ್ಗಾನ್ ಬೆರೆಸಿದ ಅನಿಲ ಬಳಸಿದರೆ ಕಿಡಿ ಸಿಡಿಯುವುದು ಕಡಿಮೆ. ಅನಿಲವಿಲ್ಲದೆ ನಡೆಯುವ ಅಗ್ಗದ ತಂತಿಯೂ ಇದೆ, ಆದರೆ ತೆಳು ತಗಡಿನಲ್ಲಿ ಅದನ್ನು ಹದಕ್ಕೆ ತರುವುದು ಕಷ್ಟ. ಟಿಗ್ ಎಂಬ ಇನ್ನೊಂದು ಬಗೆಯ ವೆಲ್ಡಿಂಗ್ ಬಲು ನಾಜೂಕು. ಆದರೆ ನಿಧಾನ, ತುಕ್ಕಿನ ಕಣವನ್ನೂ ಸಹಿಸದು.

ಮಿಗ್ ಯಂತ್ರದ ಹದ ಕೂಡಿದ್ದನ್ನು ಕಿವಿಯೇ ಹೇಳುತ್ತದೆ: ಒಗ್ಗರಣೆಯಲ್ಲಿ ಸಾಸಿವೆ ಒಂದೇ ಸಮ ಚಟಪಟಿಸಿದ ಹಾಗೆ. ಪಳಗಿದವರು ಉದ್ದಕ್ಕೆ ಗೆರೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ತಗಡು ತಣಿದ ಮೇಲೆ ನಡುವೆ ಮತ್ತೊಂದು. ತೂತಿನ ಹಿಂದೆ ತಾಮ್ರದ ತುಂಡು ಒತ್ತಿ ಹಿಡಿಯುತ್ತಾರೆ. ತಾಮ್ರ ಬಿಸಿ ಹೀರುತ್ತದೆ, ಬೆಸುಗೆ ಅದಕ್ಕೆ ಅಂಟದು. ಆ ಹೊತ್ತಿಗೆ ಫ್ಯಾನ್ ಆರಿಸಿರಬೇಕು, ಇಲ್ಲದಿದ್ದರೆ ಅನಿಲ ಹಾರಿಹೋಗಿ ಬೆಸುಗೆ ಜೇನುಗೂಡಾಗುತ್ತದೆ.

ಕಾರು ಒಪ್ಪಿಸುವವರು ಒಂದು ಮಾತು ಕೇಳಲಿ: ತುಕ್ಕನ್ನು ಎಲ್ಲಿಯವರೆಗೆ ಕತ್ತರಿಸುತ್ತೀರಿ? ಬಿಳಿ ತಗಡು ಕಾಣುವವರೆಗೆ ಎನ್ನುವವರಿಗೆ ಕೆಲಸ ಕೊಡಬಹುದು. ತುಕ್ಕಿನ ಮೇಲೆಯೇ ತುಂಡು ಕೂರಿಸಿ ಪುಟ್ಟಿ ಮೆತ್ತಿದರೆ ಮುಂದಿನ ಮಳೆಗೆ ಬಣ್ಣ ಗುಳ್ಳೆ ಏಳುತ್ತದೆ. ದಪ್ಪ ಪುಟ್ಟಿಯ ಮೇಲೆ ಅಯಸ್ಕಾಂತ ನಿಲ್ಲುವುದಿಲ್ಲ. ಹಳೆಯ ಕಾರು ಕೊಳ್ಳುವವರಿಗೂ ಈ ಪರೀಕ್ಷೆ ನೆರವಾಗುತ್ತದೆ.

ಬೆಸುಗೆಗೆ ಮುನ್ನ ಬ್ಯಾಟರಿ ಕಳಚಿದ್ದಾರೆಯೇ, ಸೀಟು, ಕಾರ್ಪೆಟ್ ತೆಗೆದಿದ್ದಾರೆಯೇ, ಪೆಟ್ರೋಲ್ ಟ್ಯಾಂಕು ದೂರವಿದೆಯೇ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುತ್ತದೆಯೇ ಎಂದು ನೋಡುವುದು ಸಂಶಯವಲ್ಲ, ಕಾಳಜಿ.

ಮುಗಿದ ಕೆಲಸದ ಹಿಂಬದಿ ಯಾರ ಕಣ್ಣಿಗೂ ಬೀಳದು. ಅಲ್ಲಿ ಬಿಸಿಗೆ ಬಣ್ಣ ಸುಟ್ಟಿರುತ್ತದೆ, ಹೊಸ ತುಕ್ಕು ಅಲ್ಲಿಂದಲೇ ಶುರು. ಮನಸ್ಸಿಟ್ಟು ದುಡಿಯುವ ಟಿಂಕರ್ ಪ್ರೈಮರ್ ಬಳಿದು, ಟೊಳ್ಳಿನೊಳಗೆ ಉದ್ದ ಕೊಳವೆ ತೂರಿಸಿ ಮೇಣ ಸಿಂಪಡಿಸುತ್ತಾರೆ. ಬಳಿಕ ಬಾಗಿಲಿನ ಅಡಿಯಲ್ಲಿ ನೀರು ಹೋಗುವ ರಂಧ್ರಗಳಿಗೆ ತಂತಿ ಹಾಕಿ, ಒಂದೂ ಮುಚ್ಚಿಲ್ಲವೆಂದು ನೋಡಿಯೇ ಕೀಲಿಕೈ ಕೊಡುತ್ತಾರೆ.